ಮದನಿಕೆಗೆ ಕೂರಲೊಂದು ಜಾಗ

ಬೇಲೂರಿನಲ್ಲಿ ಎರಡು ದಿನ ಬಿಸಿಲಿಗೆ ನಿಂತು ತೆಗೆದದ್ದನ್ನೆಲ್ಲ ಬಿಟ್ಟುಬಿಡೋಣ ಎಂದು ಯಶೋಧರಾ ಹೇಳಿದಾಗ ಪುಟ್ಟರಾಜು ತನ್ನ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಟೀ ಲೋಟ ಹಿಡಿದು ಕೂತಿದ್ದ. ಲೋಟವನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟು ತಿರುಗಿ ಅವಳ ಮುಖ ನೋಡಿದ.

“ಏನಮ್ಮ, ತಮಾಷೆನಾ?”

“ಇಲ್ಲ ಪುಟ್ಟರಾಜಣ್ಣ. ಇದು ಬೇಡ.”

“ಯಾಕೆ ಬೇಡ? ಫೋಕಸ್ ಐತೆ, ಬಣ್ಣ ಐತೆ. ಆ ಹುಡುಗಿ ಒಳ್ಳೆ ಗೊಂಬೆ ಥರ ಕಾಣ್ತಾಳೆ.”

“ಅದೇ ತೊಂದರೆ,” ಎಂದಳು ಯಶೋಧರಾ.

ಪುಟ್ಟರಾಜು ಅರಸೀಕೆರೆಯ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದವನು. ತೆರೆಯ ಮೇಲೆ ಅವನು ಆಗಲೇ ಜೋಡಿಸಿ ಮಿಕ್ಸಿಂಗ್ ಮುಗಿಸಿದ್ದ ಅರ್ಧ ನಿಮಿಷದ ಚಿತ್ರ ಓಡುತ್ತಿತ್ತು. ಕಲ್ಲಿನ ಮದನಿಕೆಯೊಬ್ಬಳು ಕರಗಿ ಉಷಾರಾಣಿಯಾಗುತ್ತಿದ್ದಳು. ಉಷಾರಾಣಿ ಭರತನಾಟ್ಯದ ಉಡುಪಿನಲ್ಲಿ, ಗೆಜ್ಜೆ ಕಟ್ಟಿಕೊಂಡು, ಕ್ಯಾಮರಾದ ಕಡೆ ಓರೆಯಾಗಿ ನೋಡುತ್ತಿದ್ದಳು. ಅವಳ ಸುತ್ತ ಕಮಲದ ಹೂವುಗಳು ಒಂದೊಂದಾಗಿ ಅರಳಿ ಮೇಲಕ್ಕೆ ತೇಲುತ್ತಿದ್ದವು. ಇದೇ ಹೂವುಗಳು ಕಳೆದ ತಿಂಗಳು ಚಿಕ್ಕಪ್ಪನ ಮಗಳ ಮದುವೆ ಕ್ಯಾಸೆಟ್ಟಿನಲ್ಲಿ ಅಕ್ಷತೆಯ ಹೊತ್ತಿಗೆ ಅರಳಿದ್ದನ್ನು ಯಶೋಧರಾ ನೋಡಿದ್ದಳು.

ಅದು ಎರಡು ಸಾವಿರದ ಆರನೇ ಇಸವಿಯ ಜನವರಿ. ಹಾಸನದಲ್ಲಿ ಮಾರ್ಚಿಗೆ ಅಂತರ ಕಾಲೇಜು ಉತ್ಸವವಿತ್ತು. ಆ ವರ್ಷ ಹೊಸದಾಗಿ ಹಾಡಿನ ವಿಡಿಯೋ ಸ್ಪರ್ಧೆ ಸೇರಿಸಿದ್ದರು. ವಿಷಯ ಕಲ್ಪನಾಲೋಕ, ಐದು ನಿಮಿಷ ಮೀರುವಂತಿಲ್ಲ. ಎರಡನೇ ವರ್ಷದ ಬಿ.ಎ. ಓದುತ್ತಿದ್ದ ಯಶೋಧರಾ ನೋಟಿಸ್ ಬೋರ್ಡಿನ ಮುಂದೆಯೇ ತನ್ನ ಹೆಸರು ಬರೆಸಿದ್ದಳು. ಹಾಡು ಕಟ್ಟಿ ಹಾಡುವವನು ಶರತ್‌ಚಂದ್ರ, ಕೊಬ್ಬರಿ ಮಂಡಿಯ ಜಯದೇವಪ್ಪನವರ ಮಗ. ಕುಣಿಯುವವಳು ಅದೇ ತರಗತಿಯ ಉಷಾರಾಣಿ. ಕಥೆ, ಚಿತ್ರಣ, ಜೋಡಣೆ ಎಲ್ಲ ಯಶೋಧರಾಳದು. ಬೇಲೂರಿನ ಮದನಿಕೆ ಜೀವ ತಳೆದು ಒಬ್ಬ ಹುಡುಗನನ್ನು ಪ್ರೀತಿಸುತ್ತಾಳೆ ಎಂದು ಕಥೆ ಮಾಡಿದಾಗ ಮೂವರಿಗೂ ಇಷ್ಟವಾಗಿತ್ತು. ದೇವಸ್ಥಾನದ ಬಾಗಿಲಲ್ಲಿ ಕಾವಲಿನವನು ಕ್ಯಾಮರಾ ಸ್ಟ್ಯಾಂಡ್ ಒಳಗೆ ಬಿಡುವಂತಿಲ್ಲ, ವೇಷ ಹಾಕಿಕೊಂಡು ಕುಣಿಯುವಂತಿಲ್ಲ ಎಂದಿದ್ದರಿಂದ ಕಲ್ಲಿನ ಚಿತ್ರಗಳನ್ನು ಮಾತ್ರ ಒಳಗೆ ತೆಗೆದು, ಕುಣಿತವನ್ನು ಹೊರಗೆ ಒಂದು ತೋಟದ ಬೇಲಿಯ ಹತ್ತಿರ ತೆಗೆದಿದ್ದರು.

“ಇದನ್ನ ಎಲ್ಲರೂ ಮಾಡ್ತಾರೆ,” ಎಂದು ಯಶೋಧರಾ ಮರುದಿನ ಕಾಲೇಜಿನ ಜಗಲಿಯ ಮೇಲೆ ಉಳಿದಿಬ್ಬರಿಗೆ ಹೇಳಿದಳು. “ಕಲ್ಲು ಕರಗೋದು, ಹುಡುಗಿ ಬರೋದು, ಕುಣಿಯೋದು. ಹಾಸನದಲ್ಲಿ ಹತ್ತು ಕಾಲೇಜು ಇದನ್ನೇ ತರ್ತಾವೆ.”

“ತರ್ಲಿ ಬಿಡೇ. ನಮ್ದು ಚೆನ್ನಾಗಿದ್ರೆ ಆಯ್ತು,” ಎಂದ ಶರತ್.

“ಅವಳು ಯಾಕೆ ಇಳಿದು ಬಂದಳು ಅಂತ ನಿಂಗೊತ್ತೇನೋ? ನಂಗೊತ್ತಿಲ್ಲ.”

ಉಷಾರಾಣಿ ಪುಸ್ತಕ ಎತ್ತಿಕೊಂಡು ಎದ್ದಳು. “ನಾನು ಚೆನ್ನಾಗಿ ಮಾಡಿಲ್ಲ ಅಂತ ನೇರವಾಗಿ ಹೇಳಬಹುದಿತ್ತು,” ಎಂದು ಹೊರಟೇಬಿಟ್ಟಳು. ಮುಂದಿನ ಎರಡು ವಾರ ಅವಳು ಯಶೋಧರಾಳ ಕಡೆ ತಿರುಗಿ ನೋಡಲಿಲ್ಲ.

ಯಶೋಧರಾಳಿಗೆ ಅನ್ನ ಸೇರಲಿಲ್ಲ. ತಟ್ಟೆಯ ಮುಂದೆ ಕೂತರೂ ಬೆರಳು ನೆಲದ ಮೇಲೆ ಚೌಕ ಬರೆಯುತ್ತಿತ್ತು. ಅವಳ ತಂದೆ ಗಂಗಯ್ಯ ರೈಲ್ವೆ ಬುಕಿಂಗ್ ಆಫೀಸಿನಲ್ಲಿ ಗುಮಾಸ್ತರು. ಬೌದ್ಧ ಧರ್ಮ ತೆಗೆದುಕೊಂಡ ವರ್ಷವೇ ಹುಟ್ಟಿದ ಮಗಳಿಗೆ ಈ ಹೆಸರಿಟ್ಟವರು. ಮಾತು ಕಡಿಮೆ, ಇಸ್ತ್ರಿ ಹಾಕದ ಅಂಗಿ ತೊಟ್ಟವರಲ್ಲ. “ಪರೀಕ್ಷೆಗಿಂತ ದೊಡ್ಡದಾ ಇದು?” ಎಂದು ಒಮ್ಮೆ ಕೇಳಿದರು. ಮಾರನೆಯ ಬೆಳಿಗ್ಗೆ ಕಾಲೇಜಿಗೆಂದು ಹೊರಟವಳು ಹಳೇಬೀಡಿನ ಬಸ್ಸು ಹತ್ತಿದಳು.

ಹಳೇಬೀಡಿನಲ್ಲಿ ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು ಸಾಲಾಗಿ ನಿಂತಿದ್ದವು. ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಅವಳು ಕಂಬಗಳ ತಲೆಯ ಕಡೆ ನೋಡುತ್ತ ತಿರುಗಿದಳು. ಮದನಿಕೆಯರು ನಿಲ್ಲಬೇಕಾದ ಜಾಗಗಳು ಹಲವು ಕಡೆ ಖಾಲಿಯಿದ್ದವು. ಹಿಂದೆ ಎಷ್ಟೋ ಸಲ ಬಂದಿದ್ದರೂ ಅವಳು ಅದನ್ನು ಗಮನಿಸಿರಲಿಲ್ಲ. ಇರುವವರನ್ನೇ ಎಲ್ಲರೂ ತೋರಿಸುತ್ತಿದ್ದರು. ಇಲ್ಲಿ ನಿಂತಿದ್ದವಳು ಎಲ್ಲಿಗೆ ಹೋದಳು? ಮಕ್ಕಳ ಗದ್ದಲದ ನಡುವೆ ಕತ್ತು ನೋಯುವವರೆಗೆ ಮೇಲೆ ನೋಡುತ್ತ ನಿಂತಳು. ಕಥೆ ಸಿಕ್ಕಿತು ಎನಿಸಿತು. ಹೊರಗೆ ಹುಲ್ಲಿನ ಮೇಲೆ ಕೂತು ಬರೆಯಲು ನೋಡಿದರೆ ಒಂದೇ ಸಾಲು ಬಂತು: ಅವಳು ಹೊರಟುಹೋದಳು. ಆಮೇಲೆ ಏನು ಮಾಡಿದಳು ಎಂಬುದು ಹೊಳೆಯಲಿಲ್ಲ.

ಹಿಂದಿರುಗುವಾಗ ಅವಳು ಹಾರನಹಳ್ಳಿಯಲ್ಲಿ ಇಳಿದಳು. ಅಲ್ಲಿ ಚಿಕ್ಕಪ್ಪನ ಮನೆಯಲ್ಲಿ ಅವಳ ಅಜ್ಜಿ ಮುನಿಯಮ್ಮ ಇದ್ದಳು. ಎಪ್ಪತ್ತು ದಾಟಿದ್ದರೂ ಬೆಳಗಾದರೆ ಯಾರದಾದರೂ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದಳು. ಮೊಮ್ಮಗಳು ಬಂದಾಗ ಹೊರಗೆ ಹುರುಳಿ ಕೇರುತ್ತಿದ್ದಳು. ಮೊರ ಕೆಳಗಿಡದೆ, “ಏನವ್ವ ಈ ಹೊತ್ನಲ್ಲಿ?” ಎಂದಳು.

ಯಶೋಧರಾ ಖಾಲಿ ಜಾಗದ ವಿಷಯ ಹೇಳಿದಳು.

ಆ ಊರಿನಲ್ಲೂ ಹಳೆಯ ಕಾಲದ ಗುಡಿಗಳಿವೆ. ಮುನಿಯಮ್ಮ ಚಿಕ್ಕವಳಿದ್ದಾಗ ಗುಡಿಯ ಸುತ್ತ ದನ ಮೇಯಿಸಿದವಳು. ಒಳಗೆ ಹೋಗುವ ರೂಢಿ ಆ ಕಾಲಕ್ಕೆ ಅವರ ಕೇರಿಯವರಿಗಿರಲಿಲ್ಲ. ಆದರೆ ಹೊರಗೋಡೆಯ ಒಂದೊಂದು ಬೊಂಬೆಯೂ ಅವಳಿಗೆ ಗೊತ್ತಿತ್ತು. ಒಂದೊಂದಕ್ಕೂ ತಾನೇ ಹೆಸರಿಟ್ಟಿದ್ದಳು. ಕನ್ನಡಿ ಹಿಡಿದವಳು ಹೊತ್ತುಗಳೆಯೋಳು. ಮೂಗು ಮುರಿದವಳು ಜಗಳಗಂಟಿ. ಡೋಲು ಬಾರಿಸುವವನಿಗೆ ಮುಂದೆ ತನ್ನ ಮೈದುನನಾದ ದ್ಯಾವಯ್ಯನ ಹೆಸರು.

“ಅಜ್ಜಿ, ಎಂಟುನೂರು ವರ್ಷ ಕಂಬದ ಮೇಲೆ ನಿಂತೋಳು ಕೆಳಗಿಳಿದ್ರೆ ಮೊದಲು ಏನು ಮಾಡ್ತಾಳೆ?”

“ಕೂತ್ಕತಾಳೆ,” ಎಂದಳು ಮುನಿಯಮ್ಮ.

“ಅಷ್ಟೇನಾ?”

“ಇನ್ನೇನ್ ಮಾಡಾಳು? ಒಂದಿನ ಕಳೆ ಕಿತ್ತು ಬಂದ್ರೇ ಸೊಂಟ ಹಿಡ್ಕತದೆ. ಅಷ್ಟ್ ವರ್ಸ ನಿಂತೋಳು ಕುಣೀತಾಳಾ? ಎಲ್ಲಾನ ಒಂದ್ ಜಾಗ ನೋಡ್ಕಂಡು ಕೂತ್ಕತಾಳೆ.”

ಮೊರದ ಸದ್ದು ಮತ್ತೆ ಶುರುವಾಯಿತು. ಅಜ್ಜಿಯ ಕೈ, ಕತ್ತಿನ ಸುಕ್ಕು, ಬಿಗಿದು ಕಟ್ಟಿದ ಸೆರಗನ್ನು ಯಶೋಧರಾ ಬಹಳ ಹೊತ್ತು ನೋಡಿದಳು. ಕಲ್ಲಾದರೂ ಅಷ್ಟು ವರ್ಷಕ್ಕೆ ಮುದುಕಿಯಾಗಿರಬೇಕಲ್ಲ ಎಂದುಕೊಂಡಳು. ಅಲ್ಲಿಗೆ ಪಾತ್ರಧಾರಿಯೂ ಸಿಕ್ಕಿದಳು.

ಶರತ್‌ಚಂದ್ರ ಇದನ್ನು ಕೇಳಿ ತಾನು ನುಡಿಸುತ್ತಿದ್ದ ಕೀಬೋರ್ಡ್ ಮುಚ್ಚಿಟ್ಟ. “ಮದನಿಕೆ ಅಂದ್ರೆ ಅಜ್ಜಿನಾ? ಜನ ನಗ್ತಾರೆ ಕಣೇ.”

“ನಗ್ಲಿ.”

“ನನ್ ಹಾಡು ಪ್ರೀತಿ ಹಾಡು. ಅಜ್ಜಿಗೆ ಹೆಂಗೆ ಹಾಕೋದು ಅದನ್ನ?”

“ಬೇರೆ ಬರಿ.”

ಅವನು ಬೈದ. ನಾಲ್ಕು ದಿನ ಬಿಟ್ಟು ಒಂದು ಹಾಳೆ ತಂದುಕೊಟ್ಟ. ಅದರಲ್ಲಿ ಎರಡು ಸಾಲು ಯಶೋಧರಾಳಿಗೆ ಬಾಯಿಪಾಠವಾಗಿ ಹೋಯಿತು:

ಕೂರಲು ಎಡೆಯುಂಟೆ ಈ ಊರಿನೊಳಗೆ,
ನಿಂತು ನಿಂತು ನನ್ನ ನೆರಳೂ ಸೋತಿದೆ.

ತಾಳಕ್ಕೆ ಕೀಬೋರ್ಡಿನ ಡ್ರಮ್ಮು ಬೇಡವೆಂದಳು. ಮಂಡಿಯ ಹಿತ್ತಲಲ್ಲಿ ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸುಲಿಯುವಾಗ ಬರುವ ಸದ್ದನ್ನು ಪುಟ್ಟರಾಜುವಿನ ಕ್ಯಾಮರಾದಲ್ಲೇ ಹಿಡಿಸಿದಳು. ಒಮ್ಮೆ ಚುಚ್ಚುವ ಸದ್ದು, ಆಮೇಲೆ ಎರಡು ಸಲ ಸಿಪ್ಪೆ ಕೀಳುವ ಸದ್ದು. ಶರತ್ ಅದರ ಮೇಲೆ ಹಾಡಿ ನೋಡಿದ. ಹೊಂದಿತು. ಅಲ್ಲಿಂದ ಅವನ ಗೊಣಗಾಟ ಕಡಿಮೆಯಾಯಿತು.

ಕಲ್ಲಿನ ಬಣ್ಣದ್ದೇ ಕಷ್ಟವಾಯಿತು. ಪೇಟೆಯಲ್ಲಿ ಸಿಗುವ ಬೆಳ್ಳಿ ಬಣ್ಣ ಹಚ್ಚಿದರೆ ಅಜ್ಜಿ ಜಾತ್ರೆಯ ವೇಷದವಳಂತೆ ಕಾಣುತ್ತಿದ್ದಳು. ವಿಭೂತಿ ಗಟ್ಟಿ ತೇಯ್ದು ಹಚ್ಚೋಣವೆಂದಳು ಯಶೋಧರಾ. ಶರತ್ ತಲೆಯಾಡಿಸಿದ. “ಅದನ್ನ ಬಣ್ಣ ಮಾಡ್ಬೇಡ. ನಮ್ಮನೇಲಿ ದಿನಾ ಪೂಜೆಗಿಡೋದು. ನಂಗೇ ಸರಿ ಅನ್ಸಲ್ಲ.” ಅವಳು ಒಪ್ಪಿದಳು. ಕೊನೆಗೆ ಮಂಡಿಯಲ್ಲಿ ಕಾಯಿಚಿಪ್ಪು ಸುಟ್ಟ ಬೂದಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೊಣಕೈಗೆ ಹಚ್ಚಿ ನೋಡಿದರೆ ಬಳಪದ ಕಲ್ಲಿನದೇ ಹೊಳಪು. ಆದರೆ ಹತ್ತು ನಿಮಿಷಕ್ಕೆ ಬೆವರಿನಲ್ಲಿ ಇಳಿದುಹೋಗುತ್ತಿತ್ತು.

ಆಗ ಬಂದವಳು ಉಷಾರಾಣಿ. ಶರತ್ ಹೇಳಿ ಕಳಿಸಿದ್ದನೋ, ತಾನಾಗಿಯೇ ಬಂದಳೋ ತಿಳಿಯದು. ಸ್ಟುಡಿಯೋದ ಬಾಗಿಲಲ್ಲಿ ನಿಂತು, “ಎಣ್ಣೆ ಮೊದಲು ಹಚ್ಚಿದ್ರೆ ನಿಲ್ಲಲ್ಲ. ಕೆಳಗೆ ಮೇಕಪ್ಪಿನ ಪ್ಯಾನ್‌ಕೇಕ್ ಹಾಕಿ, ಪೌಡರ್ ಒತ್ತಿ, ಆಮೇಲೆ ಬೂದಿ,” ಎಂದಳು.

ಯಶೋಧರಾ ಬೂದಿಯ ಬಟ್ಟಲು ಕೆಳಗಿಟ್ಟಳು. “ನೀನು ಚೆನ್ನಾಗೇ ಮಾಡಿದ್ದೆ ಕಣೇ. ಕಥೆ ನನ್ನದು ಕೆಟ್ಟದಿತ್ತು,” ಎಂದಳು.

“ಅದನ್ನ ಅವತ್ತೇ ಹೇಳ್ಬೇಕಿತ್ತು,” ಎಂದು ಉಷಾರಾಣಿ ಒಳಗೆ ಬಂದು ಚೀಲದಿಂದ ಡಬ್ಬಿ ತೆಗೆದಳು. ಅಷ್ಟಕ್ಕೆ ಆ ಜಗಳ ಮುಗಿಯಿತು.

ಮುನಿಯಮ್ಮ ಒಪ್ಪಿದ್ದು ಸುಲಭವಾಗಿ. ಹಳೇ ಸೀರೆಯನ್ನೇ ಉಡುತ್ತೇನೆ, ಮಧ್ಯಾಹ್ನ ಮುದ್ದೆ ಬೇಕು ಎಂದಷ್ಟೇ ಹೇಳಿದ್ದಳು. ಹಳೇಬೀಡಿಗೂ ಕರೆದುಕೊಂಡು ಹೋದರು. ವೇಷದಲ್ಲಿ ಒಳಗೆ ಬಿಡುವುದಿಲ್ಲವಾದ್ದರಿಂದ ಖಾಲಿ ಜಾಗವನ್ನು ಪುಟ್ಟರಾಜು ಕೈಯಲ್ಲೇ ಕ್ಯಾಮರಾ ಹಿಡಿದು ತೆಗೆದುಕೊಂಡು ಬಂದ. ಯಶೋಧರಾ, “ಬಣ್ಣ ಹಚ್ಚೋಕೆ ಮುಂಚೆ ಒಂದ್ಸಲ ಒಳಗೆ ಹೋಗಿ ನೋಡ್ಕೊಂಡು ಬಾ ಅಜ್ಜಿ,” ಎಂದರೆ ಅವಳು, “ಬೊಂಬೆ ಎಲ್ಲಾ ಹೊರಗೇ ಅವೆ ಕಣವ್ವ, ಒಳಗೇನೈತೆ,” ಎಂದು ಗೋಡೆಯುದ್ದಕ್ಕೂ ಆನೆಗಳನ್ನು ಎಣಿಸುತ್ತ ಹೋದಳು.

ಹಾರನಹಳ್ಳಿಯ ಟೆಂಪೋದಲ್ಲಿ ಬೂದಿ ಬಣ್ಣದ ಮುದುಕಿ ಕಂಬಿ ಹಿಡಿದು ನಿಂತಳು. ಜನ ಸರಿದರು, ನೋಡಿದರು, ಯಾರೂ ಏಳಲಿಲ್ಲ. ರೈಲ್ವೆ ಪ್ಲಾಟ್‌ಫಾರಂ ಬೇಕೆಂದು ಯಶೋಧರಾ ಹಟ ಹಿಡಿದಿದ್ದಳು. ಗಂಗಯ್ಯ, “ಪರ್ಮಿಷನ್ ಇಲ್ಲದೆ ಕ್ಯಾಮರಾ ತಂದ್ರೆ ನನ್ನನ್ನ ಕರೆದು ಕೇಳ್ತಾರೆ,” ಎಂದಿದ್ದರಿಂದ ಬಿಟ್ಟಳು. ಅದರ ಬದಲು ಜಯದೇವಪ್ಪನವರ ಮಂಡಿಯನ್ನು ಸೇರಿಸಿಕೊಂಡಳು.

ಅಲ್ಲಿ ಕಥೆ ಇಷ್ಟೇ. ಕಲ್ಲಿನವಳು ಮಂಡಿಯ ಬಾಗಿಲಿಗೆ ಬರುತ್ತಾಳೆ. ಯಜಮಾನರು ಗಾದಿಯ ಮೇಲೆ ಕೂತು ಬರೆಯುತ್ತಿರುತ್ತಾರೆ. ತಲೆಯೆತ್ತಿ ನೋಡಿ ಮತ್ತೆ ಬರೆಯುತ್ತಾರೆ. ಅವಳು ಮುಂದೆ ಹೋಗುತ್ತಾಳೆ. ಜಯದೇವಪ್ಪನವರು ಹೊಸ ಪಂಚೆ ಉಟ್ಟು, ಹಣೆಗೆ ವಿಭೂತಿ ಧರಿಸಿ ಸಿದ್ಧರಾಗಿದ್ದರು. ಪುಟ್ಟರಾಜು ಕ್ಯಾಮರಾ ಹಚ್ಚಿದ. ಮುನಿಯಮ್ಮ ಬಾಗಿಲಿಗೆ ಬಂದಳು. ಜಯದೇವಪ್ಪನವರು ತಲೆಯೆತ್ತಿದವರು, “ಬಾಮ್ಮ, ಕೂತ್ಕೊ,” ಎಂದರು.

“ಅಂಕಲ್, ನೀವೇನೂ ಮಾತಾಡ್ಬಾರ್ದು,” ಎಂದಳು ಯಶೋಧರಾ.

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲಕ್ಕೆ ಅವರು ಪೆನ್ನು ಕೆಳಗಿಟ್ಟರು. “ನೋಡಮ್ಮ, ಇದನ್ನ ಹಾಸನದಲ್ಲಿ ತೋರಿಸ್ತೀರ. ನಾಳೆ ಈ ಊರಲ್ಲೂ ತೋರಿಸ್ತೀರ. ವಯಸ್ಸಾದೋಳು ಬಾಗ್ಲಿಗೆ ಬಂದ್ರೆ ನಮ್ಮಂಡೀಲಿ ನಿಲ್ಸಿ ಕಳ್ಸಿದ್ರು ಅಂತ ಜನ ಆಡ್ಕೋಬಾರ್ದು.”

“ಅಪ್ಪಾಜಿ, ಅದು ಕಥೆ,” ಎಂದ ಶರತ್.

“ಕಥೆನೋ ಏನೋ. ಮುಖ ನಂದು ತಾನೇ?” ಎಂದು ಅವರು ಒಳಗಿನಿಂದ ಒಂದು ಕುರ್ಚಿ ತರಿಸಿ ಬಾಗಿಲ ಪಕ್ಕದಲ್ಲಿ ಹಾಕಿಸಿದರು. “ಕೂತ್ಕೊಳಮ್ಮ.”

ಪುಟ್ಟರಾಜು ಕ್ಯಾಮರಾ ನಿಲ್ಲಿಸಿರಲಿಲ್ಲ. ಮುನಿಯಮ್ಮ ಕುರ್ಚಿಯ ಕಡೆ ನೋಡಿದಳು. ಒಂದು ಹೆಜ್ಜೆ ಬಂದಳು. ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. “ಇರ್ಲಿ ಬುದ್ಧಿ,” ಎಂದು ಹಾಗೆಯೇ ನಿಂತಳು. ಜಯದೇವಪ್ಪನವರು ಇನ್ನೊಮ್ಮೆ ಹೇಳಿದರು. ಅವಳು ನಿಂತೇ ಇದ್ದಳು. ಅವರ ಮುಖ ಸಣ್ಣದಾಯಿತು. ಮತ್ತೆ ಪುಸ್ತಕದ ಕಡೆ ಬಗ್ಗಿದರು.

ಹೊರಗೆ ಬಂದ ಮೇಲೆ ಯಶೋಧರಾ ಕೇಳಿದಳು. “ಯಾಕಜ್ಜಿ ಕೂರ್ಲಿಲ್ಲ? ಕರೆದ್ರಲ್ಲ.”

“ಕೂರಣ ಅಂತ್ಲೇ ಹೋದೆ. ಕಾಲು ನಿಂತೇ ಬಿಡ್ತು ಕಣವ್ವ. ನಾನೇನ್ ಮಾಡ್ಲಿ.”

ಕೊನೆಯ ಚಿತ್ರ ಹಿತ್ತಲಿನ ಮಟ್ಟೆ ರಾಶಿಯ ಮೇಲೆ. ಮಂಡಿಯ ಹಿಂದೆ ಮನೆಯೆತ್ತರಕ್ಕೆ ಸುರಿದ ಕಾಯಿಮಟ್ಟೆಯ ಗುಡ್ಡ. ಕಥೆಯಲ್ಲಿ ಯಾರದೂ ಅಲ್ಲದ ಆ ಗುಡ್ಡದ ಮೇಲೆ ಕಲ್ಲಿನವಳು ಕೊನೆಗೆ ಕೂರುತ್ತಾಳೆ, ಅಲ್ಲಿಗೆ ಹಾಡು ಮುಗಿಯುತ್ತದೆ. ಮುನಿಯಮ್ಮ ನಿಧಾನಕ್ಕೆ ಹತ್ತಿ ಕೂತಳು. ಸಂಜೆಯ ಬಿಸಿಲು ಮುಖಕ್ಕೆ ಬಿತ್ತು. ಅಷ್ಟರಲ್ಲಿ ಕೆಳಗಿನ ಮಟ್ಟೆಗಳು ಸರಿದು, ಅವಳು ಕೂತಲ್ಲಿಂದಲೇ ಮೂರಡಿ ಜಾರಿ ಬಂದಳು. ಜಾರುತ್ತ ಬಾಯಿತುಂಬ ನಕ್ಕಳು. ಬೂದಿ ಬಳಿದ ಕೆನ್ನೆ ಬಿರುಕುಬಿಟ್ಟು ಒಳಗಿನ ಚರ್ಮ ಕಂಡಿತು. ಯಶೋಧರಾ, “ಕಟ್,” ಎಂದು ಮತ್ತೆ ಹತ್ತಿಸಿದಳು. ಎರಡನೇ ಸಲ ಅಜ್ಜಿ ಕಲ್ಲಿನಂತೆಯೇ ಕೂತಳು.

ಮಿಕ್ಸಿಂಗ್‌ಗೆ ಹದಿನೆಂಟು ದಿನ ಹಿಡಿಯಿತು. ಮದುವೆ ಕೆಲಸಗಳ ನಡುವೆ ಪುಟ್ಟರಾಜು ಬಿಡುವು ಮಾಡಿಕೊಡುತ್ತಿದ್ದ. ಕರೆಂಟು ಹೋದರೆ ಅರ್ಧಕ್ಕೆ ಬಂದದ್ದೆಲ್ಲ ಮೊದಲಿನಿಂದ. ಯಶೋಧರಾ ಕುರ್ಚಿಯ ತುದಿಯಲ್ಲಿ ಕೂತು, ಎದ್ದು, ಬಾಗಿಲಿಗೆ ಹೋಗಿ, ಬಂದು, “ಆ ಟೆಂಪೋ ಮೊದ್ಲು ಹಾಕಿ,” ಎನ್ನುವಳು. ಹಾಕಿದ ಮೇಲೆ, “ಬೇಡ, ಮೊದಲಿದ್ದಂಗೇ ಇರ್ಲಿ,” ಎನ್ನುವಳು. ಪುಟ್ಟರಾಜು ಒಂದೆರಡು ಕಡೆಯಾದರೂ ಹೂವು ಬಿಡೋಣವೆಂದು ಕೇಳಿ ಸೋತ.

ಒಂದು ಭಾನುವಾರ ಗಂಗಯ್ಯ ಬಂದು ನೋಡಿದರು. ಕುರ್ಚಿಯ ಚಿತ್ರ ಬಂದಾಗ ಅವರು ಕನ್ನಡಕ ತೆಗೆದು ಒರೆಸಿದರು. ತಾಯಿ ಯಾರನ್ನೂ ‘ಬುದ್ಧಿ’ ಎನ್ನಬಾರದೆಂದು ಅವರು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದರು.

“ಇದನ್ನ ತೆಗೆದುಬಿಡು.”

“ಅಪ್ಪ, ಇದೇ ನಿಜ ಇರೋದು.”

“ನಿಜ ಅಂತ್ಲೇ ಹೇಳ್ತಿದೀನಿ. ನಾವು ಅಲ್ಲಿಂದ ಎದ್ದು ಬಂದಿದೀವಿ. ಮತ್ತೆ ನಾಲ್ಕು ಜನದ ಮುಂದೆ ಯಾಕಮ್ಮ?”

ಮೂರು ದಿನ ಅದನ್ನು ತೆಗೆಯುವುದು, ಹಾಕುವುದು ಮಾಡಿದಳು. ಅದರ ಮೇಲೆ ಹಾಡು ಓಡಿಸಿದರೆ ಮಾತು ಮುಚ್ಚುತ್ತಿತ್ತು, ಚಿತ್ರವೂ ಮುಚ್ಚಿಹೋದಂತೆ ಅನಿಸುತ್ತಿತ್ತು. ಕೊನೆಗೆ ಅಲ್ಲಿ ಹಾಡನ್ನೂ ನಿಲ್ಲಿಸಿ, ಮಾತನ್ನೂ ತೆಗೆದುಹಾಕಿದಳು. ಆರು ಸೆಕೆಂಡು ಯಾವ ಸದ್ದೂ ಇಲ್ಲ. ಮುದುಕಿ, ಕುರ್ಚಿ, ಕುರ್ಚಿಯ ಮೇಲಿನ ಕೈ. ಆಮೇಲೆ ಕಾಯಿ ಸುಲಿಯುವ ಸದ್ದು ಮತ್ತೆ ಶುರುವಾಗುತ್ತದೆ. ಗಂಗಯ್ಯ ಅದನ್ನು ಎರಡನೇ ಸಲ ನೋಡಿದರು. ಬೇಡ ಎನ್ನಲಿಲ್ಲ ಎಂಬುದನ್ನೇ ಅವಳು ಒಪ್ಪಿಗೆಯೆಂದುಕೊಂಡಳು.

ಹಾಸನದಲ್ಲಿ ಬಹುಮಾನ ಬರಲಿಲ್ಲ. ಶರತ್‌ನ ಹಾಡಿಗೆ ಒಂದು ಸಮಾಧಾನಕರ ಪ್ರಶಸ್ತಿ ಪತ್ರ ಕೊಟ್ಟರು. ಆ ಆರು ಸೆಕೆಂಡು ಬಂದಾಗ ಸಭಾಂಗಣದ ಹುಡುಗರು ಸ್ಪೀಕರ್ ಕೆಟ್ಟಿತೆಂದು ಶಿಳ್ಳೆ ಹಾಕಿದರು. ತೀರ್ಪುಗಾರರಲ್ಲೊಬ್ಬರು ಯಶೋಧರಾಳನ್ನು ಕರೆದು, “ಚೆನ್ನಾಗಿದೆ, ಆದರೆ ಇದರಲ್ಲಿ ಕಲ್ಪನಾಲೋಕ ಎಲ್ಲಿದೆ ಮಗು? ಗ್ರಾಫಿಕ್ಸ್ ಒಂದೂ ಇಲ್ಲ,” ಎಂದರು. ತೀರ್ಪುಗಾರರು ಹೇಳಿದ್ದು ತಪ್ಪೆಂದು ಅವಳಿಗೆ ಅನಿಸುತ್ತಿರಲಿಲ್ಲ, ಸರಿಯೆಂದೂ ಅನಿಸುತ್ತಿರಲಿಲ್ಲ. ಎಲ್ಲೋ ಏನೋ ಬಿಟ್ಟುಹೋಗಿದೆ ಎಂಬುದು ಮಾತ್ರ ಕೊರೆಯುತ್ತಿತ್ತು.

ಅದು ಏನೆಂದು ಹೇಳಿದವಳು ಮುನಿಯಮ್ಮ. ಯುಗಾದಿಗೆ ಮಗನ ಮನೆಗೆ ಬಂದವಳಿಗೆ ಗಂಗಯ್ಯ ಟೀವಿಯಲ್ಲಿ ಸೀಡಿ ಹಾಕಿ ತೋರಿಸಿದರು. ಅವಳು ಪೂರ್ತಿ ನೋಡಿದಳು. ಮುಗಿದ ಮೇಲೂ ತೆರೆಯ ಕಡೆಯೇ ನೋಡುತ್ತಿದ್ದಳು.

“ನಾನು ನಕ್ಕಿದ್ದು ಎಲ್ಲೋಯ್ತು?”

“ಅದನ್ನ ತೆಗೆದೆ ಅಜ್ಜಿ. ಕಲ್ಲಿನೋಳು ನಗಲ್ಲ ಅಲ್ವಾ?”

“ಕಲ್ಲಿನೋಳು ನಡೀತಾಳೆ, ಟೆಂಪೋ ಹತ್ತುತಾಳೆ, ನಗಕ್ಕಿಲ್ವಾ?” ಎಂದಳು ಮುನಿಯಮ್ಮ. ಕೋಪವೇನಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದಳು. “ಅಷ್ಟೊತ್ತು ತಿರುಗಿಸಿ ತಿರುಗಿಸಿ ಕೊನೆಗೆ ಕೂರ್ಸಿದೀಯ. ಕೂತ ಮ್ಯಾಲೂ ಮುಖ ಗಂಟು ಹಾಕ್ಕಂಡೇ ಇರ್ಬೇಕಾ?”

ಯಶೋಧರಾ ಒಬ್ಬಟ್ಟಿನ ತಟ್ಟೆಯನ್ನು ಹಾಗೇ ಬಿಟ್ಟು ಪುಟ್ಟರಾಜುವಿನ ಮನೆಗೆ ಹೋದಳು. ಹಬ್ಬದ ದಿನ ಸ್ಟುಡಿಯೋ ತೆಗೆಯುವುದಿಲ್ಲ ಎಂದ ಅವನು. ಆಮೇಲೆ ಅವಳ ಮುಖ ನೋಡಿ ಬೀಗದ ಕೈ ತೆಗೆದುಕೊಂಡು ಬಂದ. ಅದೃಷ್ಟಕ್ಕೆ ಆ ಟೇಪಿನ ಮೇಲೆ ಇನ್ನೂ ಯಾರ ಮದುವೆಯೂ ಬಂದಿರಲಿಲ್ಲ. ಜಾರಿಕೊಂಡು ಬರುವ ಚಿತ್ರ ಸೇರಿಸಿದರೆ ಹಾಡು ಹನ್ನೊಂದು ಸೆಕೆಂಡು ಸಾಲದೆ ಬಂತು. ಶರತ್ ಬಂದು ಪದಗಳಿಲ್ಲದೆ ಬರೀ ರಾಗ ಎಳೆದು ಹಾಡಿದ. ಆದರೂ ಅಜ್ಜಿಯ ನಗು ತಾಳಕ್ಕೆ ಸರಿಯಾಗಿ ಬೀಳಲಿಲ್ಲ, ಅರ್ಧ ಹೆಜ್ಜೆ ಮುಂದೆಯೇ ಬಂತು. ಯಶೋಧರಾ ಅದನ್ನು ಸರಿಪಡಿಸಲು ಒಂದು ಗಂಟೆ ಹೆಣಗಿ, ಬಿಟ್ಟಳು.

ಊರಿನ ಕೇಬಲ್‌ನವರು ಅದನ್ನು ಒಂದು ವಾರ ಸಂಜೆ ಏಳಕ್ಕೆ, ಚಿತ್ರಗೀತೆಗಳ ನಡುವೆ ಹಾಕಿದರು. ಮೊದಲ ದಿನ ಯಶೋಧರಾ ಮನೆಯಲ್ಲಿ ಕೂತು ನೋಡಲಾರದೆ ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ಕಿಟಕಿಗಳಿಂದ ಹಾಡು ತುಂಡುತುಂಡಾಗಿ ಕೇಳುತ್ತಿತ್ತು. ಸದ್ದಿಲ್ಲದ ಆ ಜಾಗ ಬಂದಾಗ ಒಂದು ಮನೆಯಲ್ಲಿ ಯಾರೋ ಟೀವಿಗೆ ತಟ್ಟಿದರು. ಇನ್ನೊಂದು ಮನೆಯಲ್ಲಿ ಹೆಂಗಸೊಬ್ಬಳು, “ಕೂತ್ಕೊಳೇ ತಾಯಿ,” ಎಂದಳು. ಕೊನೆಯಲ್ಲಿ ಮುನಿಯಮ್ಮ ಜಾರಿದಾಗ ಬೀದಿಯ ಎರಡೂ ಬದಿಯಲ್ಲಿ ನಗು ಕೇಳಿತು. ಅದು ಅಜ್ಜಿಯ ಜೊತೆಗೆ ನಕ್ಕದ್ದೋ, ಅಜ್ಜಿಯನ್ನು ನೋಡಿ ನಕ್ಕದ್ದೋ ತಿಳಿಯಲಿಲ್ಲ. ಮರುದಿನ ಅದೇ ಹೊತ್ತಿಗೆ ಬೇರೆ ಬೀದಿಯಲ್ಲಿ ನಡೆದು ನೋಡಿದಳು. ಅಲ್ಲೂ ತಿಳಿಯಲಿಲ್ಲ.

ಜಯದೇವಪ್ಪನವರು ಮಾತ್ರ ಶರತ್‌ನ ಕೈಯಲ್ಲಿ ಹೇಳಿ ಕಳಿಸಿದರು: ತಾವು ಕುರ್ಚಿ ಹಾಕಿಸಿದ್ದು ಎಲ್ಲರಿಗೂ ಕಂಡಿತು, ಅಷ್ಟು ಸಾಕು.

ಪದವಿ ಮುಗಿಸಿದ ಮೇಲೆ ಯಶೋಧರಾ ಪುಟ್ಟರಾಜುವಿನ ಸ್ಟುಡಿಯೋದಲ್ಲೇ ಮಿಕ್ಸಿಂಗ್ ಕೆಲಸಕ್ಕೆ ಸೇರಿದಳು. ಗಂಗಯ್ಯ ಬ್ಯಾಂಕ್ ಪರೀಕ್ಷೆಯ ಅರ್ಜಿಗಳನ್ನು ತಂದಿಡುವುದನ್ನು ಬಿಡಲಿಲ್ಲ. ಅವಳು ಅವನ್ನು ತುಂಬಿ ಕಳಿಸುವುದನ್ನೂ ಬಿಡಲಿಲ್ಲ. ಎರಡು ಸಾವಿರದ ಎಂಟರ ಚಳಿಗಾಲದಲ್ಲಿ ಬಿಕ್ಕೋಡಿನ ಕಡೆ ಕಾಫಿ ತೋಟಕ್ಕೆ ಕೆಲಸದವರನ್ನು ತುಂಬಿಕೊಂಡು ಹೋಗುವ ಜೀಪಿನ ಬಗ್ಗೆ ಇನ್ನೊಂದು ಹಾಡು ಮಾಡಬೇಕೆಂದು ಹೊರಟಳು. ಬಸ್ಸಿನಲ್ಲಿ ಶರತ್ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ. ಕ್ಯಾಮರಾ ಅವಳ ಮಡಿಲಲ್ಲಿತ್ತು. ಹಾಡಿನಲ್ಲಿ ಆ ಜೀಪು ಆಕಾಶಕ್ಕೆ ಹಾರಬೇಕೆಂದು ಅವಳು ಬರೆದುಕೊಂಡಿದ್ದಳು. ಬೇಲೂರು ಬರುವ ಹೊತ್ತಿಗೆ ಆ ಹಾಳೆ ಹರಿದು ಶರತ್‌ನನ್ನು ಎಬ್ಬಿಸಿದಳು.

“ಹಾರೋದು ಬೇಡ ಕಣೋ. ಬೇರೆ ಏನೋ ಬೇಕು.”

“ಏನು?”

“ಗೊತ್ತಿಲ್ಲ. ಇಳಿ, ಬಸ್ಸು ಬದಲಾಯಿಸ್ಬೇಕು,” ಎಂದು ಅವಳು ಕ್ಯಾಮರಾ ಎತ್ತಿಕೊಂಡು ಬಾಗಿಲ ಕಡೆ ನಡೆದಳು.